ತಳಿಯ ಹೆಸರು, ಊರಿನ ಹೆಸರು: ವೈನ್ ದ್ರಾಕ್ಷಿಯ ಗುರುತು ಹಿಡಿಯುವುದು ಹೇಗೆ

ಮಾವಿನ ಕಾಲ ಬಂದರೆ ನಾವು ಅಂಗಡಿಯಲ್ಲಿ ಎರಡು ಥರ ಕೇಳುತ್ತೇವೆ. ‘ರಸಪುರಿ ಇದೆಯಾ, ಮಲಗೋವಾ ಇದೆಯಾ’ ಎಂದು ತಳಿ ಹಿಡಿದು ಕೇಳುವುದು ಒಂದು. ‘ರತ್ನಾಗಿರಿಯದು ಬಂತಾ’ ಎಂದು ಊರು ಹಿಡಿದು ಕೇಳುವುದು ಇನ್ನೊಂದು. ರತ್ನಾಗಿರಿಯದು ಅಂದರೆ ಅದು ಆಪೂಸ್ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಅದೇ ಆಪೂಸು ಬೆಂಗಳೂರಿಗೆ ಬರುವಷ್ಟರಲ್ಲಿ ಬಾದಾಮಿಯಾಗುತ್ತದೆ.

ವೈನ್ ಬಾಟಲಿಯ ಲೇಬಲ್ ಕಂಡು ಕಂಗಾಲಾಗುವವರಿಗೆ ನಾನು ಮೊದಲು ಹೇಳುವುದು ಈ ಮಾವಿನ ಕತೆಯನ್ನೇ. ಕೆಲವು ದೇಶಗಳು ತಳಿಯ ಹೆಸರು ಬರೆಯುತ್ತವೆ, ಕೆಲವು ಊರಿನ ಹೆಸರು ಮಾತ್ರ ಬರೆದು ತಳಿಯನ್ನು ನಮ್ಮ ತಿಳಿವಿಗೆ ಬಿಡುತ್ತವೆ. ಒಂದೇ ತಳಿಗೆ ಎರಡು ಮೂರು ಹೆಸರೂ ಉಂಟು. ಈ ಗಂಟನ್ನು ಬಿಡಿಸಿಕೊಂಡರೆ ಮುಕ್ಕಾಲು ಪಾಲು ಕಲಿತಂತೆ. ಅದನ್ನು ಬಿಡಿಸಿಕೊಳ್ಳಲು ನನಗೆ ಗೊತ್ತಿರುವ ದಾರಿ, ಹಂತ ಹಂತವಾಗಿ, ಇಲ್ಲಿದೆ. ಕಾನೂನು ಒಪ್ಪುವ ವಯಸ್ಸಾದವರಿಗೆ, ಹಿತಮಿತವಾಗಿ ಕುಡಿಯುವವರಿಗೆ ಬರೆದದ್ದು ಇದು. ಕುಡಿಯದೆ ಬರೀ ತಿಳಿಯಬೇಕೆನ್ನುವವರೂ ಅರ್ಧ ದಾರಿ ಜೊತೆಗೆ ಬರಬಹುದು.

ಮೊದಲ ಹಂತ: ಹಣ್ಣನ್ನೇ ತಿಂದು ನೋಡಿ

ಬಾಟಲಿಗೆ ದುಡ್ಡು ಹಾಕುವ ಮೊದಲು ಮಾರುಕಟ್ಟೆಗೆ ಹೋಗಿ ಕಾಲು ಕೆಜಿ ಬೆಂಗಳೂರು ಬ್ಲೂ, ಕಾಲು ಕೆಜಿ ಬೀಜವಿಲ್ಲದ ಹಸಿರು ದ್ರಾಕ್ಷಿ ತನ್ನಿ. ಬೆಂಗಳೂರು ಬ್ಲೂ ಹಣ್ಣನ್ನು ಬೆರಳಲ್ಲಿ ಒತ್ತಿದರೆ ತಿರುಳು ಸಿಪ್ಪೆಯಿಂದ ಜಾರಿ ಹೊರಗೆ ಬೀಳುತ್ತದೆ. ತಿರುಳಿನ ಬಣ್ಣ ನೋಡಿ: ಕಪ್ಪಲ್ಲ, ತಿಳಿಹಸಿರು. ಬಣ್ಣವೆಲ್ಲ ಸಿಪ್ಪೆಯದು. ವೈನ್ ದ್ರಾಕ್ಷಿಗಳಲ್ಲೂ ಬಹುಪಾಲು ಹೀಗೆಯೇ. ಕಪ್ಪು ಹಣ್ಣಿನ ರಸವನ್ನು ಸಿಪ್ಪೆಯೊಂದಿಗೆ ಹುದುಗೇಳಲು ಬಿಟ್ಟರೆ ಕೆಂಪು ವೈನ್, ಸಿಪ್ಪೆಯಿಂದ ಕೂಡಲೇ ಬೇರ್ಪಡಿಸಿದರೆ ಬಿಳಿ. ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದ ಮೂರು ಮುಖ್ಯ ತಳಿಗಳಲ್ಲಿ ಪಿನೋ ನ್ವಾರ್, ಮ್ಯೂನಿಯೆ ಎರಡೂ ಕಪ್ಪು, ಶಾರ್ಡೊನೆ ಮಾತ್ರ ಬಿಳಿ. ಆದರೂ ಶಾಂಪೇನ್ ಹೆಚ್ಚಾಗಿ ಹೊನ್ನಿನ ಬಣ್ಣದ್ದೇ.

ಇನ್ನು ಸಿಪ್ಪೆಯನ್ನು ಅಗಿಯಿರಿ, ಬೀಜ ಕಡಿಯಿರಿ. ನಾಲಿಗೆ, ವಸಡು ಒಣಗಿದಂತಾಗಿ ಬಿಗಿದುಕೊಳ್ಳುತ್ತದಲ್ಲ, ಅದು ಒಗರು. ವೈನ್ ಬಲ್ಲವರು ಟ್ಯಾನಿನ್ ಎನ್ನುವುದು ಇದನ್ನೇ. ಅಡಿಕೆ ಬೇಯಿಸಿದ ಚೊಗರು ಕಂಡ ಮಲೆನಾಡಿನವರಿಗೆ, ಅರೆಹಣ್ಣು ನೇರಳೆ ತಿಂದು ಬೆಳೆದವರಿಗೆ ಟ್ಯಾನಿನ್ ಎಂದರೇನೆಂದು ಯಾರೂ ಕಲಿಸಬೇಕಿಲ್ಲ. ನೀವು ತಂದ ಹಸಿರು ದ್ರಾಕ್ಷಿಯಂಥ ತಿನ್ನುವ ದ್ರಾಕ್ಷಿಗೆ ಸಿಪ್ಪೆ ತೆಳು, ಬೀಜ ಇಲ್ಲ, ಹಣ್ಣು ದೊಡ್ಡದು. ವೈನ್ ದ್ರಾಕ್ಷಿ ಇದಕ್ಕೆ ತದ್ವಿರುದ್ಧ: ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಬೀಜ ಉಂಟು, ಸಕ್ಕರೆ ಹೆಚ್ಚು. ರಸಕ್ಕಿಂತ ಸಿಪ್ಪೆಯ ಪಾಲು ದೊಡ್ಡದಾದಷ್ಟೂ ಬಣ್ಣ, ಒಗರು, ಕಂಪು ಹೆಚ್ಚು.

ಬೆಂಗಳೂರು ಬ್ಲೂ ಬಗ್ಗೆ ಇನ್ನೊಂದು ಮಾತು. 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಹಣ್ಣು ನಮ್ಮ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ ಕಡೆಯ ಚಪ್ಪರಗಳ ಹೆಮ್ಮೆ. ಆದರೆ ಅದರ ಮೂಲ ಅಮೆರಿಕದ ಲಾಬ್ರುಸ್ಕಾ ಬಳ್ಳಿಯ ಕಡೆಯದು. ಫ್ರಾನ್ಸಿನ ಬೋರ್ಡೊ, ಬರ್ಗಂಡಿ ಮೊದಲಾದ ಹೆಸರಾಂತ ವೈನ್‌ಗಳೆಲ್ಲ ಯುರೋಪು-ಪಶ್ಚಿಮ ಏಷ್ಯಾದ ವಿನಿಫೆರಾ ಎಂಬ ಒಂದೇ ಜಾತಿಯ ಬಳ್ಳಿಯಿಂದ ಬರುತ್ತವೆ. ಬೆಂಗಳೂರು ಬ್ಲೂವಿನ ಆ ಗಾಢ, ಜ್ಯೂಸಿನಂಥ ವಾಸನೆ ಜ್ಯೂಸಿಗೆ, ಜ್ಯಾಮಿಗೆ ಹೇಳಿ ಮಾಡಿಸಿದ್ದು. ಗೋವಾದಲ್ಲೂ ಇಲ್ಲೂ ಕಡಿಮೆ ಬೆಲೆಗೆ ಸಿಗುವ ಸಿಹಿ ‘ಪೋರ್ಟ್’ ವೈನಿಗೂ ಇದನ್ನು ಬಳಸುತ್ತ ಬಂದಿದ್ದಾರೆ. ನಿಜವಾದ ಪೋರ್ಟ್ ಬರುವುದು ಪೋರ್ಚುಗಲ್ಲಿನ ಡೌರೊ ಕಣಿವೆಯಿಂದ. 1756ರಲ್ಲೇ ಗಡಿ ಗುರುತಿಸಿಕೊಂಡ ನಾಡು ಅದು, ತಳಿ ಟುರಿಗಾ ನಸಿಯೊನಾಲ್ ಮತ್ತು ಅದರ ಬಳಗ. ಹೆಸರೊಂದೇ ಎಂದು ಅವೆರಡನ್ನೂ ಒಂದೇ ಅಳತೆಯಲ್ಲಿ ತೂಗಬೇಡಿ.

ಎರಡನೆಯ ಹಂತ: ನಾಲ್ಕು ಮಾತು ಕೈಲಿರಲಿ

ವೈನ್ ಬಗ್ಗೆ ಬರೆಯುವವರು ನೂರಾರು ಪದ ಬಳಸುತ್ತಾರೆ. ಶುರುವಿಗೆ ನಾಲ್ಕು ಸಾಕು, ನಾಲ್ಕೂ ನಮ್ಮವೇ: ಹುಳಿ, ಒಗರು, ತೂಕ, ಕಂಪು.

ಹುಳಿ ಎಂದರೆ ಬಾಯಲ್ಲಿ ನೀರೂರಿಸುವುದು. ಒಗರು ಬಾಯಿ ಒಣಗಿಸುವುದು. ತೂಕ ಎಂದರೆ ಬಾಯಲ್ಲಿ ಅದು ಮಜ್ಜಿಗೆಯ ಹಾಗೆ ತೆಳ್ಳಗಿದೆಯೋ, ಕೆನೆಹಾಲಿನ ಹಾಗೆ ಮೈತುಂಬಿದೆಯೋ ಎಂಬುದು. ಕಂಪಿಗೆ ನಿಮ್ಮ ಅಡುಗೆಮನೆ, ಹಿತ್ತಲೇ ಆಧಾರವಾಗಲಿ. ಬ್ಲ್ಯಾಕ್‌ಕರಂಟ್ ಎಂದು ಪುಸ್ತಕದಲ್ಲಿದ್ದರೆ ಅದನ್ನು ನೀವು ಕಂಡೇ ಇರಲಿಕ್ಕಿಲ್ಲ. ನಿಮ್ಮ ಮೂಗಿಗೆ ನೇರಳೆ ಅನ್ನಿಸಿದರೆ ನೇರಳೆ ಎಂದೇ ಬರೆದುಕೊಳ್ಳಿ. ಸೀಬೆಹಣ್ಣು, ಮೆಣಸು, ಲವಂಗ, ಮಳೆ ಬಿದ್ದ ಮಣ್ಣು, ಒಣಗಿದ ಗುಲಾಬಿ — ಇವೆಲ್ಲ ವೈನಿನಲ್ಲಿ ನಿಜವಾಗಿ ಸಿಗುವ ಕಂಪುಗಳು.

ಮೂರನೆಯ ಹಂತ: ಲೇಬಲ್ಲಿನಲ್ಲಿ ತಳಿಯೋ, ಊರೋ?

ಬಾಟಲಿ ಕೈಗೆತ್ತಿಕೊಂಡ ಕೂಡಲೇ ಈ ಒಂದು ಪ್ರಶ್ನೆ ಹಾಕಿಕೊಳ್ಳಿ. ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಚಿಲಿ, ಅರ್ಜೆಂಟೀನಾ, ದಕ್ಷಿಣ ಆಫ್ರಿಕಾ, ಭಾರತ ಇವು ಬಹುತೇಕ ತಳಿಯ ಹೆಸರನ್ನೇ ದೊಡ್ಡದಾಗಿ ಹಾಕುತ್ತವೆ. ಹಾಗೆ ಹಾಕಿದ್ದರೂ ಒಳಗಿರುವುದೆಲ್ಲ ಅದೇ ತಳಿ ಆಗಬೇಕೆಂದಿಲ್ಲ. ಅಮೆರಿಕದ ಕೇಂದ್ರ ನಿಯಮದಂತೆ 75%, ಯುರೋಪಿಯನ್ ಒಕ್ಕೂಟ ಮತ್ತು ಆಸ್ಟ್ರೇಲಿಯಾದಲ್ಲಿ 85% ಇದ್ದರೆ ಸಾಕು.

ಫ್ರಾನ್ಸ್, ಇಟಲಿ, ಸ್ಪೇನುಗಳಲ್ಲಿ ಊರೇ ಹೆಸರು. ಕೆಳಗಿನ ಊರು-ತಳಿ ಜೋಡಿಗಳನ್ನು (ಮೊದಲ ಮೂರು ಸಾಲು ಫ್ರಾನ್ಸಿನವು, ನಾಲ್ಕನೆಯದು ಇಟಲಿಯದು, ಕೊನೆಯದು ಸ್ಪೇನಿನದು) ಬಾಯಿಪಾಠ ಮಾಡಿಕೊಂಡರೆ ಅಂಗಡಿಯಲ್ಲಿ ತಡವರಿಸಬೇಕಾಗುವುದಿಲ್ಲ:

- ಶಾಬ್ಲಿ ಎಂದಿದ್ದರೆ ಶಾರ್ಡೊನೆ. ಕೆಂಪು ಬರ್ಗಂಡಿ ಎಂದರೆ ಪಿನೋ ನ್ವಾರ್. ಬೋಜೊಲೆ ಎಂದರೆ ಗಮೆ.
- ಸಾನ್ಸೆರ್ ಬಿಳಿಯದಾದರೆ ಸೊವಿನ್ಯಾನ್ ಬ್ಲಾಂಕ್. ವೂವ್ರೆ ಎಂದರೆ ಶೆನಿನ್ ಬ್ಲಾಂಕ್.
- ಕೆಂಪು ಎರ್ಮಿತಾಜ್, ಕೋತ್ ರೋತಿ ಎಂದರೆ ಸಿರಾ. ಕೋಂದ್ರಿಯೊ ಎಂದರೆ ವಿಯೊನಿಯೆ.
- ಬರೊಲೊ, ಬಾರ್ಬರೆಸ್ಕೊ ಎರಡೂ ನೆಬ್ಬಿಯೊಲೊ. ಕಿಯಾಂತಿ, ಬ್ರುನೆಲ್ಲೊ ದಿ ಮೊಂತಾಲ್ಚಿನೊ ಎಂದರೆ ಸಾಂಜಿಯೊವೇಸೆ.
- ಕೆಂಪು ರಿಯೋಹ, ರಿಬೇರಾ ದೆಲ್ ದುಯೆರೊ ಎಂದರೆ ಮುಖ್ಯವಾಗಿ ಟೆಂಪ್ರನಿಯೊ.

ಬೋರ್ಡೊ ಇಷ್ಟು ಸರಳವಲ್ಲ, ಅಲ್ಲಿ ಬೆರಕೆಯೇ ಪದ್ಧತಿ. ನದಿಯ ಎಡದಂಡೆ, ಅಂದರೆ ಮೆದೋಕ್ ಕಡೆ ನೆಲ ಬೆಣಚುಕಲ್ಲಿನದು. ನೀರು ನಿಲ್ಲುವುದಿಲ್ಲ, ಕಲ್ಲು ಬಿಸಿಲನ್ನು ಹಿಡಿದಿಡುತ್ತದೆ, ಹಾಗಾಗಿ ತಡವಾಗಿ ಹಣ್ಣಾಗುವ ಕ್ಯಾಬರ್ನೆ ಸೊವಿನ್ಯಾನ್ ಅಲ್ಲಿ ಮುಂದು. ಬಲದಂಡೆಯ ಪೊಮೆರೋಲ್, ಸೇಂತ್ ಎಮಿಲಿಯೋನಿನಲ್ಲಿ ಜೇಡಿಮಣ್ಣು ಹೆಚ್ಚು, ತಂಪು ಹೆಚ್ಚು. ಬೇಗ ಹಣ್ಣಾಗುವ ಮೆರ್ಲೊ ಅಲ್ಲಿ ಮುಂದು. ಮಣ್ಣು ತಳಿಯನ್ನು ಆರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಕ್ಯಾಬರ್ನೆ ಸೊವಿನ್ಯಾನಿನ ಹುಟ್ಟಿನ ಗುಟ್ಟು ಅದರ ಹೆಸರಿನಲ್ಲೇ ಇತ್ತು. 1997ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಕ್ಯಾರೊಲ್ ಮೆರೆಡಿತ್ ಮತ್ತು ಜಾನ್ ಬೋವರ್ಸ್ ಡಿಎನ್‌ಎ ಪರೀಕ್ಷೆಯಿಂದ ಅದು ಕ್ಯಾಬರ್ನೆ ಫ್ರಾಂಕ್ ಹಾಗೂ ಸೊವಿನ್ಯಾನ್ ಬ್ಲಾಂಕ್‌ಗಳ ಕೂಸು ಎಂದು ತೋರಿಸಿದರು. ಕಪ್ಪು ಹಣ್ಣಿನ ರಾಜನಿಗೆ ಹೆತ್ತವರಲ್ಲಿ ಒಂದು ಬಿಳಿ ಹಣ್ಣು!

ಹೆಸರು ಮರೆತು ಕಳೆದುಹೋದ ತಳಿಗಳ ಕತೆಯೂ ಇದೆ. ಚಿಲಿಯ ರೈತರು ಬಹುಕಾಲ ಮೆರ್ಲೊ ಎಂದು ನಂಬಿ ಬೆಳೆಸಿದ್ದರಲ್ಲಿ ದೊಡ್ಡ ಪಾಲು ಕಾರ್ಮೆನೇರ್ ಎಂದು 1994ರಲ್ಲಿ ಫ್ರಾನ್ಸಿನ ತಜ್ಞ ಜಾನ್ ಮಿಶೆಲ್ ಬೂರ್ಸಿಕೊ ಎಲೆ, ಹೂ ನೋಡಿ ಗುರುತಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹೇನು ಫ್ರಾನ್ಸಿನ ತೋಟಗಳನ್ನು ಹಾಳುಗೆಡವಿದ ಮೇಲೆ ಬೋರ್ಡೊದಲ್ಲಿ ಬಹುತೇಕ ಅಳಿದೇಹೋಗಿದ್ದ ತಳಿ ಅದು. ಸಾಗರದಾಚೆ, ಇನ್ನೊಬ್ಬರ ಹೆಸರಿನಲ್ಲಿ ಬದುಕಿತ್ತು. ಈ ಹೇನಿಗೆ ಕಂಡುಕೊಂಡ ಮದ್ದು ಎಂದರೆ ಅಮೆರಿಕದ ಬೇರಿಗೆ ಯುರೋಪಿನ ಕಡ್ಡಿ ಕಸಿ ಮಾಡುವುದು. ಇವತ್ತಿಗೂ ಜಗತ್ತಿನ ಹೆಚ್ಚಿನ ವೈನ್ ತೋಟಗಳಲ್ಲಿ ನೆಲದ ಕೆಳಗೆ ಒಂದು ಗಿಡ, ಮೇಲೆ ಇನ್ನೊಂದು. ನಮ್ಮ ವಿಜಯಪುರದ ರೈತರು ಡಾಗ್‌ರಿಡ್ಜ್ ಎಂಬ ದ್ರಾಕ್ಷಿ ಬಳ್ಳಿಯ ಬೇರಿನ ಮೇಲೆ ಕಸಿ ಕಟ್ಟುವುದು ಬೇರೆ ಕಾರಣಕ್ಕೆ: ಅದು ಉಪ್ಪು ನೀರನ್ನೂ ಬರವನ್ನೂ ತಡೆದುಕೊಳ್ಳುತ್ತದೆ.

ನಾಲ್ಕನೆಯ ಹಂತ: ಒಂದೇ ತಳಿ, ಎರಡು ಊರು

ಕಲಿಯುವವರು ಸಾಮಾನ್ಯವಾಗಿ ಒಂದು ವಾರ ಕ್ಯಾಬರ್ನೆ, ಇನ್ನೊಂದು ವಾರ ಮೆರ್ಲೊ ಎಂದು ಬೇರೆ ಬೇರೆ ತಳಿ ಕುಡಿಯುತ್ತ ಹೋಗುತ್ತಾರೆ. ಅದರಿಂದ ಕಲಿಯುವುದು ಕಡಿಮೆ. ಒಂದು ವಾರದ ನೆನಪು ಮುಂದಿನ ವಾರಕ್ಕೆ ಉಳಿಯುವುದಿಲ್ಲ. ಒಂದೇ ತಳಿಯ ಎರಡು ಊರಿನ ಬಾಟಲಿ ಒಟ್ಟಿಗೆ ತೆರೆಯಿರಿ. ಎರಡರಲ್ಲೂ ಇರುವುದು ತಳಿಯ ಗುಣ, ಒಂದರಲ್ಲಿ ಮಾತ್ರ ಇರುವುದು ಊರಿನದು ಅಥವಾ ಮಾಡಿದವರ ಕೈಯದು.

ಖರ್ಚು ಹೆಚ್ಚೆನ್ನಬೇಡಿ. ಒಂದು ಬಾಟಲಿಯಲ್ಲಿ 750 ಮಿಲಿ ಇರುತ್ತದೆ. ರುಚಿ ನೋಡಲು ಒಬ್ಬರಿಗೆ 50 ಮಿಲಿ ಸಾಕು. ಆರೇಳು ಜನ ಗೆಳೆಯರು ಸೇರಿ ಎರಡು ಬಾಟಲಿ ತಂದರೆ ಊಟದ ಜೊತೆಗೂ ಉಳಿಯುತ್ತದೆ. ಬಾಟಲಿಗಳಿಗೆ ದಿನಪತ್ರಿಕೆ ಸುತ್ತಿ, ಒಂದು, ಎರಡು ಎಂದು ಬರೆದು, ಯಾವುದು ಯಾವುದೆಂದು ಕೊನೆಗೇ ಬಿಡಿಸಿ. ಬೆಲೆ ಕಂಡರೆ ನಾಲಿಗೆ ಬೆಲೆಯ ಕಡೆ ವಾಲುತ್ತದೆ.

ಮೊದಲ ಜೋಡಿ ಸೊವಿನ್ಯಾನ್ ಬ್ಲಾಂಕ್ ಆಗಲಿ. ನಾಸಿಕದ್ದೋ ನಂದಿ ಕಡೆಯದೋ ಒಂದು, ನ್ಯೂಜಿಲೆಂಡಿನ ಮಾರ್ಲ್‌ಬರೊ ಎಂದಿರುವುದು ಇನ್ನೊಂದು. ಮಾರ್ಲ್‌ಬರೊದಲ್ಲಿ ಈಗಿನ ವೈನ್ ತೋಟಗಾರಿಕೆ ಶುರುವಾದದ್ದೇ 1973ರಲ್ಲಿ, ಆದರೂ ಈ ತಳಿಗೆ ಅದು ಹೊಸ ತವರು. ಗ್ಲಾಸು ಮೂಗಿನ ಹತ್ತಿರ ತಂದರೆ ಸೀಬೆಹಣ್ಣು, ಪ್ಯಾಶನ್ ಫ್ರೂಟ್ ವಾಸನೆ ಎದ್ದು ಬರುತ್ತದೆ. ಕೊಡಗಿನಲ್ಲಿ ಪ್ಯಾಶನ್ ಫ್ರೂಟ್ ಜ್ಯೂಸು ಕುಡಿದವರಿಗೆ ಕೂಡಲೇ ಗೊತ್ತಾಗುತ್ತದೆ. ಅದು ಬರೀ ಹೋಲಿಕೆಯಲ್ಲ, ಆ ಹಣ್ಣುಗಳಲ್ಲಿರುವ ಗಂಧಕದ ಸಂಯುಕ್ತಗಳೇ ಈ ವೈನಿನಲ್ಲೂ ಇವೆ. ಜೊತೆಗೆ ದೊಣ್ಣೆಮೆಣಸಿನಕಾಯಿ ಹೆಚ್ಚಿದಾಗಿನ ಹಸಿರು ವಾಸನೆಯೂ ಇದೆ. ತಂಪು ನಾಡಿನಲ್ಲಿ ಅದು ಉಳಿಯುತ್ತದೆ, ಬಿಸಿಲು ಹೆಚ್ಚಾದರೆ ಹಣ್ಣು ಮಾಗುತ್ತ ಕರಗುತ್ತದೆ. ಮುಂದೆ ಬೆಳೆದ ಹಾಗೆ ಸಾನ್ಸೆರ್ ಒಂದನ್ನು ಮೂರನೆಯದಾಗಿ ಸೇರಿಸಿಕೊಳ್ಳಿ.

ಎರಡನೆಯ ಜೋಡಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು: ಸಿರಾ, ಆಸ್ಟ್ರೇಲಿಯಾದಲ್ಲಿ ಅದಕ್ಕೆ ಶಿರಾಜ್ ಎಂದು ಹೆಸರು. ನಮ್ಮ ಆಪೂಸ್-ಬಾದಾಮಿಯ ಹಾಗೆಯೇ. ಇರಾನಿನ ಶಿರಾಜ್ ಪಟ್ಟಣದಿಂದ ಬಂದದ್ದೆಂದು ಬಹುಕಾಲ ಕತೆ ಹೇಳುತ್ತಿದ್ದರು. ಡಿಎನ್‌ಎ ಪರೀಕ್ಷೆ ಆ ಕತೆಯನ್ನು ಸುಳ್ಳು ಮಾಡಿತು. ಅದರ ಹೆತ್ತವರು ದ್ಯುರೆಜಾ ಮತ್ತು ಮೊಂದ್ಯೂಜ್ ಬ್ಲಾಂಶ್, ಇಬ್ಬರೂ ಫ್ರಾನ್ಸಿನ ಆಗ್ನೇಯ ಭಾಗದವರು. ಸಿರಾದ ಗುರುತು ಕರಿಮೆಣಸು. ಆ ವಾಸನೆಗೆ ಕಾರಣವಾದ ರೊಟಂಡೋನ್ ಎಂಬ ವಸ್ತುವನ್ನು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದರು, ಮತ್ತು ನಮ್ಮ ತೋಟದ ಕಾಳುಮೆಣಸಿನ ವಾಸನೆಯಲ್ಲಿರುವುದೂ ಅದೇ ವಸ್ತು. ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಅದು ತಾಗುವುದೇ ಇಲ್ಲ. ಹಾಗಾಗಿ ಪಕ್ಕದಲ್ಲಿ ಕೂತವರು ಮೆಣಸು ಎಂದಾಗ ನಿಮಗೆ ಏನೂ ಅನ್ನಿಸದಿದ್ದರೆ ನಿಮ್ಮ ಕಲಿಕೆಯಲ್ಲಿ ಕೊರತೆ ಎಂದುಕೊಳ್ಳಬೇಡಿ. ಫ್ರಾನ್ಸಿನ ಉತ್ತರ ರೋನ್ ಕಣಿವೆಯ ತಂಪಿನಲ್ಲಿ ಮೆಣಸು ಮುಂದೆ ನಿಲ್ಲುತ್ತದೆ, ತೂಕ ಹದವಾಗಿರುತ್ತದೆ. ಆಸ್ಟ್ರೇಲಿಯಾದ ಬರೋಸಾದ ಬಿಸಿಲಲ್ಲಿ ಹಣ್ಣು ಪೂರ್ತಿ ಮಾಗಿ ನೇರಳೆ, ಚಾಕಲೇಟಿನ ಕಡೆ ಹೋಗುತ್ತದೆ, ತೂಕ ಜೋರು. ನಂದಿ ಕಡೆಯ ಶಿರಾಜನ್ನು ಇವೆರಡರ ನಡುವೆ ಇಟ್ಟು ನೋಡಿ, ಯಾವ ಕಡೆ ವಾಲುತ್ತದೆಂದು ನೀವೇ ತೀರ್ಮಾನಿಸಿ.

ಮೂರನೆಯದು ರೀಸ್ಲಿಂಗ್. ಜರ್ಮನಿಯ ಮೋಸೆಲ್ ಕಣಿವೆಯ ಕಡಿದಾದ ಸ್ಲೇಟುಕಲ್ಲಿನ ಇಳಿಜಾರು ಅದರ ಮನೆ. ಅಲ್ಲಿ ಯಂತ್ರ ಹತ್ತುವುದು ಕಷ್ಟ, ಕೈಯಿಂದಲೇ ಕೊಯ್ಲು. ಕಪ್ಪು ಕಲ್ಲು ಹಗಲಿನ ಬಿಸಿಯನ್ನು ಹಿಡಿದಿಟ್ಟು ರಾತ್ರಿ ಬಿಡುತ್ತದೆ. ಅಷ್ಟು ಉತ್ತರದಲ್ಲಿ ದ್ರಾಕ್ಷಿ ಹಣ್ಣಾಗಲು ಆ ಸಹಾಯ ಬೇಕು. ಲೇಬಲ್ಲಿನಲ್ಲಿ ‘ಟ್ರೋಕನ್’ ಎಂದಿದ್ದರೆ ಸಿಹಿ ಇಲ್ಲದ್ದು. ‘ಕಾಬಿನೆಟ್’, ‘ಶ್ಪೇಟ್‌ಲೇಜೆ’ ಎಂದಷ್ಟೇ ಇದ್ದರೆ ಸ್ವಲ್ಪ ಸಿಹಿ ಇರುವ ಸಂಭವ ಹೆಚ್ಚು. ಸಿಹಿ ವೈನ್ ಎಂದರೆ ಅಗ್ಗದ್ದು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಒಳ್ಳೆಯ ಮೋಸೆಲ್ ರೀಸ್ಲಿಂಗ್ ಕುಡಿದ ದಿನ ಅದು ತೊಲಗುತ್ತದೆ. ನಿಂಬೆ ಪಾನಕದಲ್ಲಿ ಹುಳಿಯೂ ಸಿಹಿಯೂ ಒಂದನ್ನೊಂದು ಹಿಡಿದು ನಿಲ್ಲಿಸುವ ಹಾಗೆ ಅಲ್ಲಿಯೂ.

ಒಗರಿನ ಪಾಠಕ್ಕೆ ಬರೊಲೊ ಬೇಕು. ಇಟಲಿಯ ಪೀಡ್‌ಮಾಂಟ್ ಬೆಟ್ಟಗಳ ನೆಬ್ಬಿಯೊಲೊ ನೋಡಲು ತಿಳಿಗೆಂಪು, ಅಂಚಿನಲ್ಲಿ ಇಟ್ಟಿಗೆ ಬಣ್ಣ. ಸಾಧುವಾಗಿ ಕಾಣುತ್ತದೆ. ಬಾಯಿಗಿಟ್ಟರೆ ವಸಡು ಹಿಡಿದುಕೊಳ್ಳುವ ಒಗರು, ಮೂಗಿಗೆ ಗುಲಾಬಿ, ಡಾಂಬರು. ನಿಯಮದ ಪ್ರಕಾರ ಬರೊಲೊ ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ದುಬಾರಿ ವೈನ್, ನಮ್ಮಲ್ಲಂತೂ ಸುಂಕ ಸೇರಿ ಇನ್ನೂ ದುಬಾರಿ. ವಿದೇಶದಲ್ಲಿರುವವರು ‘ಲಾಂಗೆ ನೆಬ್ಬಿಯೊಲೊ’ ಎಂದಿರುವುದನ್ನು ಹುಡುಕಿ. ಅದೇ ತಳಿ, ಅದೇ ಬೆಟ್ಟಸಾಲು, ಬೆಲೆ ಎಷ್ಟೋ ಕಡಿಮೆ.

ಹೀಗೆ ಒಟ್ಟಿಗೆ ತೆರೆಯಬಹುದಾದ ಜೋಡಿಗಳು ಇನ್ನೂ ಇವೆ: ಮಾಲ್ಬೆಕ್‌ಗೆ ಫ್ರಾನ್ಸಿನ ಕಾಹೋರ್ ಮತ್ತು ಅರ್ಜೆಂಟೀನಾದ ಮೆಂಡೋಜಾ, ಶಾರ್ಡೊನೆಗೆ ಶಾಬ್ಲಿ ಮತ್ತು ನಾಪಾ, ಜಿನ್‌ಫಾಂಡೆಲ್‌ಗೆ ಕ್ಯಾಲಿಫೋರ್ನಿಯಾ ಮತ್ತು ಇಟಲಿಯ ಪುಲಿಯಾ. ಅಲ್ಲಿ ಅದರ ಹೆಸರು ಪ್ರಿಮಿಟಿವೊ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಕನ್ನಡಿಗರಿಗೆ ನಾಪಾ, ಸೊನೋಮಾ, ಲಿವರ್‌ಮೋರ್ ಎಲ್ಲ ಕಾರಿನಲ್ಲಿ ಹೋಗಿ ಸಂಜೆಗೆ ಮನೆ ಸೇರುವ ದೂರ. ಅಲ್ಲಿರುವವರು ಪುಸ್ತಕಕ್ಕಿಂತ ಮೊದಲು ತೋಟ ನೋಡಲಿ. ಓಡಿಸುವವರು ಕುಡಿಯಬಾರದು, ಅಷ್ಟೇ.

ಐದನೆಯ ಹಂತ: ದೊಡ್ಡಬಳ್ಳಾಪುರದ ದಾರಿ ಹಿಡಿಯಿರಿ

ವೈನ್ ದ್ರಾಕ್ಷಿ ಬೆಳೆಯುವ ನಾಡುಗಳು ಹೆಚ್ಚಾಗಿ 30ರಿಂದ 50ನೇ ಅಕ್ಷಾಂಶದ ನಡುವೆ ಇವೆ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ನಂದಿಬೆಟ್ಟ ಇರುವುದು ಸುಮಾರು 13ರಲ್ಲಿ. ಹಾಗಾದರೆ ಇಲ್ಲಿ ಬೆಳೆಯುವುದು ಹೇಗೆ? ಒಂದು, ಎತ್ತರ. ಬಯಲುಸೀಮೆಯ ಈ ಭಾಗ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ರಾತ್ರಿಗಳು ತಂಪು. ಎರಡು, ಕತ್ತರಿ.

ಚಳಿ ದೇಶದ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ, ವಸಂತದಲ್ಲಿ ಏಳುತ್ತದೆ, ಸೆಪ್ಟೆಂಬರ್ ಹೊತ್ತಿಗೆ ಕೊಯ್ಲು. ಇಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಬಿಟ್ಟರೆ ವರ್ಷವಿಡೀ ಚಿಗುರುತ್ತಲೇ ಇರುತ್ತದೆ, ಮಳೆಗಾಲದಲ್ಲಿ ಹಣ್ಣಾಗಿ ಕೊಳೆಯುತ್ತದೆ. ಹಾಗಾಗಿ ನಮ್ಮ ರೈತರು ವರ್ಷಕ್ಕೆ ಎರಡು ಸಲ ಸವರುತ್ತಾರೆ. ವಿಜಯಪುರ ಕಡೆ ಇದಕ್ಕೆ ಚಾಟನಿ ಎನ್ನುತ್ತಾರೆ. ಏಪ್ರಿಲ್ ಚಾಟನಿ ಕಡ್ಡಿ ಬಲಿಯಲು. ಮಳೆ ಕಡಿಮೆಯಾಗುವ ಹೊತ್ತಿಗೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಎರಡನೆಯದು, ಅದು ಹಣ್ಣಿಗೆ. ಕಣ್ಣುಗಳೆಲ್ಲ ಒಟ್ಟಿಗೆ ಒಡೆಯಲೆಂದು ಸವರಿದ ಕಡ್ಡಿಗೆ ಔಷಧಿ ಬಳಿಯುವುದೂ ಉಂಟು. ಒಣ ಹವೆಯಲ್ಲಿ ಕಾಯಿ ಕಟ್ಟಿ ಬೇಸಿಗೆಯ ಬಾಗಿಲಲ್ಲಿ ಕೊಯ್ಲು. ಯುರೋಪಿನಲ್ಲಿ ಹವೆ ಬರೆಯುವ ಪಂಚಾಂಗವನ್ನು ಇಲ್ಲಿ ರೈತನ ಕತ್ತರಿ ಬರೆಯುತ್ತದೆ. ನಮ್ಮ ವೈನಿನ ಬಗ್ಗೆ ಮಾತಾಡುವವರು ಕಂಪನಿಯ ಹೆಸರು ಹೇಳುವಷ್ಟು ಉತ್ಸಾಹದಿಂದ ಈ ಕೆಲಸದ ಬಗ್ಗೆ ಹೇಳುವುದಿಲ್ಲ ಎಂಬ ಬೇಸರ ನನಗಿದೆ.

ಬೆಂಗಳೂರು ಬ್ಲೂವಿನ ಚಪ್ಪರಗಳ ನಾಡಿನಲ್ಲೇ ಫ್ರೆಂಚ್ ತಳಿಗಳ ತೋಟ ಎದ್ದದ್ದು 1980ರ ದಶಕದ ಕೊನೆಯಲ್ಲಿ, ಗ್ರೋವರ್ ಕುಟುಂಬದ ಪ್ರಯತ್ನದಿಂದ. ಕ್ಯಾಬರ್ನೆ ಸೊವಿನ್ಯಾನ್, ಶಿರಾಜ್, ವಿಯೊನಿಯೆ ಇಲ್ಲಿ ನೆಲೆಯೂರಿದವು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತು. ಹಂಪಿಯ ಬೆಟ್ಟಗಳ ಕಡೆ ಕೃಷ್ಮಾ ತೋಟದಲ್ಲಿ ಕ್ಯಾಬರ್ನೆಯ ಜೊತೆ ಇಟಲಿಯ ಸಾಂಜಿಯೊವೇಸೆಯನ್ನೂ ಬೆಳೆಸುತ್ತಿದ್ದಾರೆ. ನಾಸಿಕದಲ್ಲಿ ಶೆನಿನ್ ಬ್ಲಾಂಕ್ ಅಷ್ಟು ಹಬ್ಬಲು ಕಾರಣ ಅದರ ಹುಳಿ. ಬಿಸಿಲಿನಲ್ಲಿ ಹೆಚ್ಚಿನ ಬಿಳಿ ತಳಿಗಳು ಹುಳಿ ಕಳೆದುಕೊಂಡು ಸಪ್ಪೆಯಾಗುತ್ತವೆ, ಶೆನಿನ್ ಹಿಡಿದುಕೊಳ್ಳುತ್ತದೆ.

ಹೋಗುವುದಾದರೆ ಫೆಬ್ರವರಿ-ಮಾರ್ಚಿನಲ್ಲಿ, ಮೊದಲೇ ಫೋನ್ ಮಾಡಿ ಹೋಗಿ. ಆಗ ಗೊಂಚಲು ಬಳ್ಳಿಯಲ್ಲಿರುತ್ತದೆ. ತಿನ್ನುವ ದ್ರಾಕ್ಷಿಯ ಚಪ್ಪರಕ್ಕೂ ವೈನ್ ದ್ರಾಕ್ಷಿಯ ತಂತಿಸಾಲಿಗೂ ಇರುವ ವ್ಯತ್ಯಾಸ ನೋಡಿ. ಒಂದು ಹಣ್ಣು ಬಾಯಿಗೆ ಹಾಕಿಕೊಳ್ಳಬಹುದೇ ಎಂದು ಕೇಳಿ. ಮೊದಲ ಹಂತದಲ್ಲಿ ತಿಂದ ಹಣ್ಣನ್ನು ನೆನಪಿಸಿಕೊಂಡು ಸಿಪ್ಪೆ ಅಗಿಯಿರಿ. ಯಾವ ಬೇರಿನ ಮೇಲೆ ಕಸಿ, ಹಣ್ಣಿನ ಚಾಟನಿ ಯಾವಾಗ ಮಾಡಿದಿರಿ, ಈ ಸಲ ಮಳೆ ಏನು ಮಾಡಿತು ಎಂದು ಕೇಳಿ. ಕೇಳುವವರು ಸಿಕ್ಕರೆ ತೋಟದಲ್ಲಿ ದುಡಿಯುವವರು ಬಹಳ ಹೇಳುತ್ತಾರೆ. ಕೊಂಡ ಬಾಟಲಿಯನ್ನು ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ, ಒಂದೇ ಮಧ್ಯಾಹ್ನ ಸಾಕು ಕೆಡಲು.

ಆರನೆಯ ಹಂತ: ನಮ್ಮ ಊಟದ ಪಕ್ಕದಲ್ಲಿಟ್ಟು

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಚಳಿ ದೇಶದ ಕೋಣೆಗೆ ಹೇಳಿದ್ದು. ನಮ್ಮ ಏಪ್ರಿಲ್ ತಿಂಗಳಿಗಲ್ಲ. ಕೆಂಪು 16-18 ಡಿಗ್ರಿಯಲ್ಲಿರಲಿ, ಅಂದರೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಬಿಳಿ 8-12 ಡಿಗ್ರಿ. ತೀರಾ ತಣ್ಣಗಾದರೆ ಕಂಪು ಸತ್ತುಹೋಗುತ್ತದೆ.

ಖಾರಕ್ಕೂ ಒಗರಿಗೂ ಆಗಿಬರುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಹಾಕಿದ ಕೋಳಿ ಸಾರಿನ ಜೊತೆ ಎಳೆಯ ಕ್ಯಾಬರ್ನೆ ಕುಡಿದರೆ ಖಾರ ಇಮ್ಮಡಿಯಾಗಿ ಉರಿಯುತ್ತದೆ, ವೈನು ಕಹಿಯಾಗುತ್ತದೆ. ಖಾರದ ಊಟಕ್ಕೆ ಹುಳಿ ಚೆನ್ನಾಗಿದ್ದು ತುಸು ಸಿಹಿಯಿರುವ ಶೆನಿನ್, ರೀಸ್ಲಿಂಗ್ ಒಳ್ಳೆಯದು. ಮೀನು ಗಸಿ, ನೀರುದೋಸೆಯ ಜೊತೆ ಅದನ್ನು ಒಮ್ಮೆ ಪ್ರಯತ್ನಿಸಿ. ಕೊಡಗಿನ ಪಂದಿ ಕರಿಗೆ ಮಾತ್ರ ನಾನು ಶಿರಾಜನ್ನೇ ಹಿಡಿಯುತ್ತೇನೆ. ಅದರಲ್ಲಿ ಮೆಣಸಿನಕಾಯಿಗಿಂತ ಕಾಳುಮೆಣಸು ಮುಂದು, ಕಾಚಂಪುಳಿಯ ಹುಳಿ ಇದೆ, ಕೊಬ್ಬು ಒಗರನ್ನು ತಣಿಸುತ್ತದೆ. ತಟ್ಟೆಯ ಕಾಳುಮೆಣಸೂ ಗ್ಲಾಸಿನ ಮೆಣಸಿನ ವಾಸನೆಯೂ ಒಂದೇ ಎಂದು ಆ ಮೊದಲ ಗುಟುಕಿನಲ್ಲೇ ಮೂಗಿಗೆ ತಿಳಿಯುತ್ತದೆ.